ಕಾಳಿದಾಸನ ವರಾಹಗಳೂ ಮುಸ್ತಾವಿಚಾರವೂ

ಸಂಸ್ಕೃತ ಕಾವ್ಯಗಳನ್ನು ಪಾಠ ಹೇಳುವಾಗ ‘ಮುಸ್ತಾ’ ಎಂಬ ಶಬ್ದವು ಬಂದರೆ ‘ಒಂದು ಬಗೆಯ ಹುಲ್ಲು’ ಎಂದು ಹೇಳಿ ಮುಂದಕ್ಕೆ ಸಾಗುವುದು ವಾಡಿಕೆಯಾಗಿದೆ. ನೀರಿನ ಪ್ರಸಂಗವಿದ್ದರೆ ‘ಜೊಂಡು’ ಎನ್ನುವುದೂ ಉಂಟು. ಈ ಎರಡು ಅರ್ಥಗಳೂ ಸರಿಯಲ್ಲ. ಅರ್ಥವು ತಪ್ಪಿದಲ್ಲಿ ಕವಿಯ ಚಿತ್ರವೂ ಕೆಡುವುದರಿಂದ ಈ ವಿಷಯವನ್ನು ಸಸ್ಯಶಾಸ್ತ್ರಜ್ಞರಿಗೆ ಬಿಟ್ಟು ಸಾಹಿತ್ಯವಿಮರ್ಶಕನು ಸುಮ್ಮನಿರುವಂತಿಲ್ಲ.

ಕಾಳಿದಾಸನ ಹೆಸರಿನಲ್ಲಿರುವ ಕೃತಿಗಳ ಮೂರು ಸ್ಥಳಗಳನ್ನು ಇಲ್ಲಿ ಪರಿಶೀಲಿಸಬಹುದು. ಶಾಕುಂತಲದ ದ್ವಿತೀಯಾಂಕದಲ್ಲಿ ಬೇಟೆಯನ್ನು ನಿಲ್ಲಿಸಿದ ದುಷ್ಯಂತನು, ಹಂದಿಗಳ ಹಿಂಡುಗಳು ಇನ್ನು ನಿರ್ಭಯವಾಗಿ ಕೊಳಚೆಮಡುವಿನಲ್ಲಿ ಮುಸ್ತೆಯನ್ನು ಕಿತ್ತು ಹಾಳುಮಾಡಲಿ ಎನ್ನುತ್ತಾನೆ. ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನು ಮಡುವಿನ ಕೆಸರಿನಿಂದೆದ್ದು ಓಡಿದ ಹಂದಿಗಳ ದಾರಿಯನ್ನು ಎರಡು ಗುರುತುಗಳಿಂದ ಹಿಡಿಯುತ್ತಾನೆ: ಒದ್ದೆಯಾದ ಹೆಜ್ಜೆಯ ಸಾಲುಗಳು ಒಂದು, ಬಾಯಿಯಿಂದ ಉದುರಿದ ಮುಸ್ತೆಯ ಮೊಳಕೆಯ ಚೂರುಗಳು ಇನ್ನೊಂದು. ಋತುಸಂಹಾರದ ಗ್ರೀಷ್ಮವರ್ಣನೆಯಲ್ಲಾದರೋ ಕೆರೆಯ ಕೆಸರು ಒಣಗಿ ಹೋಗಿದೆ. ಬಿಸಿಲಿನಿಂದ ಬೆಂದ ಹಂದಿಗಳು ಭದ್ರಮುಸ್ತೆಯೊಡನೆ ಆ ನೆಲವನ್ನೇ ಮೂತಿಯಿಂದ ಅಗೆಯುತ್ತವೆ. ಈ ಕೃತಿಯ ಕರ್ತೃತ್ವದಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಪ್ರಕೃತ ವಿಚಾರಕ್ಕೆ ಅದರಿಂದ ಬಾಧಕವಿಲ್ಲ.

ಮೂರು ಕಡೆಗಳಲ್ಲಿಯೂ ಹಂದಿಯಿದೆ, ಕೆಸರಿದೆ, ಅಗೆತವಿದೆ. ‘ಹುಲ್ಲು’ ಎಂದುಕೊಂಡರೆ ಒಣಗಿದ ಕೆರೆಯಲ್ಲಿ ಹಂದಿಯು ಅಗೆಯುವುದೇಕೆ? ಬೇಸಗೆಯಲ್ಲಿ ಎಲೆಗಳು ಸುಟ್ಟುಹೋಗಿ ನೆಲದ ಮೇಲೆ ಏನೂ ಉಳಿದಿಲ್ಲ; ಇರುವುದೆಲ್ಲ ಕೆಳಗಿನ ಗಡ್ಡೆಯಲ್ಲಿ. ಇದನ್ನು ಅರಿಯದವನಿಗೆ ಆ ಪದ್ಯದ ಹಂದಿಗಳು ಬರಿಯ ಬಿಸಿಲಿನ ಹುಚ್ಚಿನಿಂದ ನೆಲವನ್ನು ಕೆದಕುವ ಪ್ರಾಣಿಗಳಾಗಿ ತೋರುತ್ತವೆ.

ಮುಸ್ತೆಯೆಂದರೆ ಕನ್ನಡ ನಾಡಿನ ಬೇರೆ ಬೇರೆ ಸೀಮೆಗಳಲ್ಲಿ ಕೊನ್ನಾರಿ, ತುಂಗೆ, ಜೇಕು ಎಂದು ಕರೆಯುವ ಗಿಡ. ಹೊಲದಲ್ಲಿ ಅದನ್ನು ಕಿತ್ತು ಬೇಸತ್ತ ರೈತನಿಗೆ ಇದರ ಪರಿಚಯವು ಪಂಡಿತನಿಗಿಂತ ಹೆಚ್ಚು. ಹುಲ್ಲಿಗೂ ಇದಕ್ಕೂ ಇರುವ ಭೇದವನ್ನು ಬೆರಳುಗಳಿಂದಲೇ ತಿಳಿಯಬಹುದು. ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡು, ಗಣ್ಣುಗಣ್ಣಾಗಿ ನಡುವೆ ಟೊಳ್ಳು; ಎಲೆಗಳು ಎರಡು ಸಾಲು. ಕೊನ್ನಾರಿಯ ದಂಟು ಮೂರು ಏಣಿನದು, ಒಳಗೆ ಗಟ್ಟಿ. ಎಲೆಗಳು ಮೂರು ಸಾಲು. ಜೊಂಡಾದರೋ ಆಳೆತ್ತರ ಬೆಳೆದು ಕಂದುಬಣ್ಣದ ಕೋಲಿನಂಥ ತೆನೆಯನ್ನು ಹಿಡಿಯುವ ಬೇರೊಂದು ಕುಲದ ಸಸ್ಯ.

ಕಷ್ಟವಿರುವುದು ಇದರ ಮುಂದೆ. ಮೂರು ಏಣಿನ ದಂಟುಳ್ಳ ಗಿಡಗಳೆಲ್ಲ ಮುಸ್ತೆಯಲ್ಲ. ಲಿನ್ನೇಯಸನು 1753ರಲ್ಲಿ ಒಂದೇ ಗ್ರಂಥದಲ್ಲಿ ಹೆಸರಿಟ್ಟ ಸೈಪೆರಸ್ ರೊಟಂಡಸ್, ಸೈಪೆರಸ್ ಎಸ್ಕ್ಯುಲೆಂಟಸ್ ಎಂಬೆರಡು ನೋಟಕ್ಕೆ ಅಕ್ಕತಂಗಿಯರಂತಿವೆ. ಮೊದಲನೆಯದರ ಕಿರುತೆನೆಗಳು ಕೆಂಗಂದು. ಎರಡನೆಯದರವು ಒಣಹುಲ್ಲಿನಂತೆ ಹಳದಿ. ಮೊದಲನೆಯದರ ಎಲೆಯು ತುದಿಯಲ್ಲಿ ತಟ್ಟನೆ ಮೊನೆಯಾಗುತ್ತದೆ; ಎರಡನೆಯದು ನೀಳವಾಗಿ ಸಣ್ಣಗಾಗುತ್ತ ಹೋಗುತ್ತದೆ. ಆದರೆ ಒಣಗಿಸಿಟ್ಟ ಮಾದರಿಯಲ್ಲಿ ಬಣ್ಣವು ಮಾಸುವುದರಿಂದ ಇವನ್ನೇ ನಂಬಿದವನು ಮೋಸಹೋಗಬಹುದು. ನಂಬತಕ್ಕದ್ದು ಬೇರನ್ನು. ರೊಟಂಡಸಿನ ಗಡ್ಡೆಗಳು ತಂತಿಯಂಥ ಬೇರುಕಾಂಡದಲ್ಲಿ ಒಂದರ ಹಿಂದೊಂದು ಸರದ ಮಣಿಗಳಂತೆ ಕೋದಿರುತ್ತವೆ. ಕಪ್ಪಗೆ, ಒರಟಾಗಿ, ಸುವಾಸನೆಯುಳ್ಳವಾಗಿ, ನಾಲಗೆಗೆ ಕಹಿಯಾಗಿರುತ್ತವೆ. ಎಸ್ಕ್ಯುಲೆಂಟಸಿನಲ್ಲಿ ಪ್ರತಿಯೊಂದು ಎಳೆಯ ತುದಿಗೂ ಒಂದೇ ಗಡ್ಡೆ, ಅದು ಸಿಹಿ. ಲ್ಯಾಟಿನ್ ಹೆಸರಿಗೂ ‘ತಿನ್ನಬಹುದಾದದ್ದು’ ಎಂದೇ ಅರ್ಥ. ಪ್ರಾಚೀನ ಈಜಿಪ್ಟಿನವರು ಇದನ್ನು ತಿನ್ನುತ್ತಿದ್ದರು; ಸ್ಪೇನಿನ ವಲೆನ್ಸಿಯಾದಲ್ಲಿ ಇಂದಿಗೂ ಇದರ ಪಾನಕವನ್ನು ಮಾಡುತ್ತಾರೆ.

ಹಂದಿಯು ಕಹಿಗಡ್ಡೆಯನ್ನು ಬಿಟ್ಟು ಸಿಹಿಯನ್ನೇ ಅರಸುವುದು ಸಹಜವಲ್ಲವೆ, ಋತುಸಂಹಾರದಲ್ಲಿ ‘ಭದ್ರ’ ಎಂಬ ವಿಶೇಷವು ಇರುವುದರಿಂದ ಅದು ಎಸ್ಕ್ಯುಲೆಂಟಸ್ ಆಗಬಾರದೇಕೆ ಎಂದು ಒಬ್ಬರು ಆಕ್ಷೇಪಿಸಬಹುದು. ಅಮರಸಿಂಹನು ಮುಸ್ತಾಶಬ್ದದ ಪರ್ಯಾಯಗಳನ್ನು ಹೇಳಿದ ಮೇಲೆ ಭದ್ರಮುಸ್ತಕವನ್ನು ಬೇರೆಯಾಗಿ ಹೇಳಿರುವುದು ಈ ಆಕ್ಷೇಪಕ್ಕೆ ಬಲವನ್ನು ಕೊಡುತ್ತದೆ. ಆದರೂ ಇದು ನಿಲ್ಲುವುದಿಲ್ಲ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಭದ್ರಮುಸ್ತ, ನಾಗರಮುಸ್ತಗಳು ಮುಸ್ತೆಯೊಡನೆಯೇ ಒಂದೇ ವರ್ಗದಲ್ಲಿ ಬಂದಿವೆ. ಇವುಗಳಿಗೆ ಹೇಳಿದ ರಸಗಳು ಕಟು, ತಿಕ್ತ, ಕಷಾಯ. ಮಧುರವೆಂಬ ಮಾತಿಲ್ಲ. ಸಿಹಿಗಡ್ಡೆಯು ಇಲ್ಲಿಗೇ ಹೊರಗಾಯಿತು. ಹಂದಿಯ ರುಚಿಯನ್ನು ಮನುಷ್ಯನ ನಾಲಗೆಯಿಂದ ಅಳೆಯುವುದೂ ಯುಕ್ತವಲ್ಲ. ಕೋಶಕಾರರು ಮುಸ್ತೆಗೆ ‘ಕ್ರೋಡೇಷ್ಟಾ’, ಎಂದರೆ ಹಂದಿಗೆ ಪ್ರಿಯವಾದದ್ದು, ಎಂಬ ಹೆಸರನ್ನೂ ಕೊಟ್ಟಿದ್ದಾರೆ.

ಭಾವಪ್ರಕಾಶದ ಪಟ್ಟಿಯಲ್ಲಿ ‘ಕ್ರೋಡಕಸೇರುಕ’ ಎಂಬ ಇನ್ನೊಂದು ಹೆಸರಿದೆ. ಹಂದಿಯ ಕಸೇರು ಎಂದರ್ಥ. ಕಸೇರುವು ನಿಂತ ನೀರಿನಲ್ಲಿ ಆರಡಿಯವರೆಗೂ ಏಳುವ, ಮನುಷ್ಯರು ತಿನ್ನುವ ಗಡ್ಡೆಯುಳ್ಳ ಮತ್ತೊಂದು ಮೂರೇಣಿನ ಸಸ್ಯ. ರಾಕ್ಸ್‌ಬರೋ ಅದಕ್ಕೆ ದೇಶೀಯ ಹೆಸರನ್ನೇ ಉಳಿಸಿ ಸ್ಕಿರ್ಪಸ್ ಕೈಸೂರ್ ಎಂದು ಕರೆದನು. ಮನುಷ್ಯನಿಗೊಂದು ಕಸೇರು, ಹಂದಿಗೊಂದು ಕಸೇರು ಎಂದು ಹೆಸರಿಟ್ಟವನು ಎರಡು ಗಿಡಗಳನ್ನೂ ಕಂಡು, ಅವುಗಳ ಹೋಲಿಕೆಯನ್ನೂ ಭೇದವನ್ನೂ ಬಲ್ಲವನಾಗಿರಬೇಕು. ನಮ್ಮ ಪ್ರಾಚೀನರು ಸಸ್ಯಭೇದವನ್ನು ಅರಿಯದೆ ಹೆಸರುಗಳನ್ನು ಬೆರಸಿದರೆಂಬ ಆರೋಪಕ್ಕೆ ಈ ಒಂದು ಶಬ್ದವೇ ಸಾಕಷ್ಟು ಉತ್ತರವಾಗಿದೆ. ಆಧುನಿಕರು ಕಿರುತೆನೆಯನ್ನೂ ಬೀಜವನ್ನೂ ನೋಡಿ ವಿಭಾಗಿಸುತ್ತಾರೆ. ಅವರು ಗಡ್ಡೆ, ಗಂಧ, ರಸಗಳಿಂದ ವಿಭಾಗಿಸಿದರು. ಆದಕಾರಣ ನಿಘಂಟುವಿನ ಒಂದೊಂದು ಹೆಸರಿಗೂ ಒಂದೊಂದು ಲ್ಯಾಟಿನ್ ಹೆಸರನ್ನು ತಗುಲಿಸುವ ಉತ್ಸಾಹವೂ, ‘ಒಂದು ಬಗೆಯ ಹುಲ್ಲು’ ಎನ್ನುವ ಸೋಮಾರಿತನದಷ್ಟೇ, ದೋಷಕ್ಕೆ ಎಡೆಕೊಡುತ್ತದೆ.

ವೈದ್ಯಗ್ರಂಥಗಳನ್ನು ಓದುವವರು ಇನ್ನೊಂದನ್ನೂ ಗಮನಿಸತಕ್ಕದ್ದು. ಮೋಡದ ಹೆಸರುಗಳೆಲ್ಲ ಮುಸ್ತೆಗೂ ಸಲ್ಲುತ್ತವೆಂದು ಅಮರನು ಸೂಚಿಸಿದ್ದಾನೆ. ಕಷಾಯದ ಪದ್ಯದಲ್ಲಿ ‘ಘನ’, ‘ಅಂಬುದ’ ಎಂದಿದ್ದರೆ ಆಕಾಶವನ್ನು ನೋಡಬೇಕಾಗಿಲ್ಲ.

ಇನ್ನು ಟೀಕೆಯ ಮಾತು. ರೊಟಂಡಸ್ ಆಳವಾದ ನೀರಿನ ಗಿಡವಲ್ಲ. ಮಡುವಿನ ಅಂಚಿನ ಹಸಿಮಣ್ಣಿನದು. ಜೌಗುನೆಲದ ಮುಸ್ತೆಯೇ ಉತ್ತಮವೆಂದು ಭಾವಮಿಶ್ರನೂ ಹೇಳುತ್ತಾನೆ. ಆದ್ದರಿಂದ ಶಾಕುಂತಲದ ಹಂದಿಗಳನ್ನು ನೀರಿನ ನಡುವೆ ಈಜಿಸದೆ ಕೆಸರಿನ ಅಂಚಿನಲ್ಲಿ ನಿಲ್ಲಿಸಬೇಕು. ರಘುವಂಶದಲ್ಲಿ ಕವಿಯು ‘ಪ್ರರೋಹ’ ಎಂದೇ ಹೇಳಿರುವುದರಿಂದ ಅಲ್ಲಿ ‘ಕೊನ್ನಾರಿಯ ಎಳೆಮೊಳಕೆ’ ಎಂದು ಬರೆಯುವುದು ಯುಕ್ತ. ಋತುಸಂಹಾರದಲ್ಲಿ ‘ಕೊನ್ನಾರಿಗಡ್ಡೆ’ ಎನ್ನಬೇಕು. ಭದ್ರಮುಸ್ತವೇ ಜನರ ಬಾಯಲ್ಲಿ ಸವೆದು ‘ಭದ್ರಮುಷ್ಟಿ’ಯಾಗಿ ಗ್ರಂದಿಗೆಯ ಅಂಗಡಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದರಿಂದ, ವಿದ್ಯಾರ್ಥಿಯು ಆ ಗಡ್ಡೆಯನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡುವುದಕ್ಕೆ ಅಡ್ಡಿಯೇನೂ ಇಲ್ಲ.