ಕ್ಯಾನ್‌ಡಂಪ್ ದಾಖಲೆಯ ಪ್ರಾಮಾಣ್ಯವಿಚಾರ

ಮೋಟಾರು ವಾಹನದ ಎಂಜಿನು, ಬ್ರೇಕು, ಬಾಗಿಲು, ದೀಪ ಮೊದಲಾದವುಗಳನ್ನು ನಡೆಸುವ ನಿಯಂತ್ರಕ ಘಟಕಗಳು ಒಂದು ಜೋಡಿ ತಂತಿಯ ಮೇಲೆ ಪರಸ್ಪರ ಸಂದೇಶಗಳನ್ನು ಕಳುಹಿಸಿಕೊಳ್ಳುವ ವ್ಯವಸ್ಥೆಗೆ ಕ್ಯಾನ್ ಬಸ್ ಎಂದು ಹೆಸರು. ಜರ್ಮನಿಯ ಬಾಷ್ ಸಂಸ್ಥೆಯವರು 1983ರಲ್ಲಿ ಇದರ ಕೆಲಸವನ್ನು ಆರಂಭಿಸಿ, 1986ರಲ್ಲಿ ಡೆಟ್ರಾಯಿಟ್ ನಗರದ ಎಂಜಿನಿಯರುಗಳ ಸಮ್ಮೇಳನದಲ್ಲಿ ಪ್ರಕಟಪಡಿಸಿದರು. ಈ ತಂತಿಯ ಸಂಭಾಷಣೆಯನ್ನು ಲಿನಕ್ಸ್ ಗಣಕದಲ್ಲಿ ಸಾಲುಸಾಲಾಗಿ ಬರೆದು ತೋರಿಸುವ ಉಪಕರಣವೇ ಕ್ಯಾನ್‌ಡಂಪ್. ಇದಕ್ಕೆ ಕಿಟಕಿಗಳಿಲ್ಲ, ಚಿತ್ರಗಳಿಲ್ಲ. ಆದೇಶವನ್ನು ಬೆರಳಚ್ಚಿಸಿದರೆ ಸಾಕು. ಇದಕ್ಕೆ ಆಧಾರವಾದ ಸಾಕೆಟ್‌ಕ್ಯಾನ್ ಎಂಬ ವ್ಯವಸ್ಥೆಯು ಫೋಕ್ಸ್‌ವಾಗನ್ ಸಂಸ್ಥೆಯ ಸಂಶೋಧಕರ ಕೊಡುಗೆಯಾಗಿದ್ದು, 2008ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು.

ಇತಿಹಾಸದ ಅಧ್ಯಾಪಕರಾದ ನಮಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕಳೆದ ವರ್ಷ ನಮ್ಮ ಆಕರವಿಮರ್ಶೆಯ ಗೋಷ್ಠಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಇಂತಹ ಒಂದು ದಾಖಲೆಯನ್ನು ತಂದರು. ನಿಲ್ಲಿಸಿದ್ದ ಕಾರಿನ ಬಾಗಿಲಿನ ಬೀಗವು ರಾತ್ರಿ ತಾನಾಗಿ ತೆರೆದುಕೊಂಡಿತೆಂದೂ, ಬೀಗದ ಘಟಕವನ್ನು ಬದಲಾಯಿಸಿದ ಮೆಕ್ಯಾನಿಕರದೇ ತಪ್ಪೆಂದೂ ಅವರ ವಾದ. ದಾಖಲೆಯಲ್ಲಿ ಬೀಗ ತೆರೆಯುವ ಸಂದೇಶದ ಸಾಲು ಸ್ಪಷ್ಟವಾಗಿಯೇ ಇದ್ದಿತು. ಒಬ್ಬ ಮನುಷ್ಯನ ಕಸುಬಿನ ಮರ್ಯಾದೆ ಆ ಒಂದು ಸಾಲಿನ ಮೇಲೆ ನಿಂತಿದ್ದಿತೆಂದರೆ ಅತಿಶಯೋಕ್ತಿಯಲ್ಲ.

ಆ ಸಾಲಿನಲ್ಲಿರುವುದಾದರೂ ಏನು? ಒಂದು ಗುರುತುಸಂಖ್ಯೆ, ಅದರ ಮುಂದೆ ಹೆಚ್ಚೆಂದರೆ 8 ಬೈಟುಗಳ ಅಂಕಿಗಳು. (2012ರಲ್ಲಿ ಬಂದ ಕ್ಯಾನ್ ಎಫ್‌ಡಿ ಎಂಬ ಪರಿಷ್ಕೃತ ರೂಪದಲ್ಲಿ ಇದು 64ರವರೆಗೆ ಹೋಗಬಹುದು.) ಗುರುತುಸಂಖ್ಯೆಯು ಸಂದೇಶದ ಹೆಸರೇ ಹೊರತು ಕಳುಹಿಸಿದವರ ಹೆಸರಲ್ಲ, ಕಳುಹಿಸಿದವರಾರೆಂದು ಹೇಳುವ ಸ್ಥಳವೇ ಈ ಪದ್ಧತಿಯಲ್ಲಿಲ್ಲ. ತಂತಿಗೆ ಸೇರಿದ ಯಾವ ಘಟಕವಾದರೂ ಯಾವ ಸಂಖ್ಯೆಯ ಸಂದೇಶವನ್ನಾದರೂ ನುಡಿಯಬಲ್ಲುದು. 2015ರಲ್ಲಿ ಮಿಲ್ಲರ್ ಮತ್ತು ವಾಲಸೆಕ್ ಎಂಬವರು ದೂರದಲ್ಲಿ ಕುಳಿತೇ ಓಡುತ್ತಿದ್ದ ಜೀಪ್ ವಾಹನವೊಂದರ ತಂತಿಯಲ್ಲಿ ತಮ್ಮ ಸಂದೇಶಗಳನ್ನು ನುಡಿಸಿ ತೋರಿಸಿದರು; ಅದರ ಫಲವಾಗಿ ಅಮೆರಿಕದಲ್ಲಿ 14 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಕೂಟಶಾಸನಗಳ ಪರಿಚಯವುಳ್ಳ ನಮಗೆ ಇದು ಹೊಸ ಮಾತಲ್ಲ. ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಅವರಿಗೆ ನಡೆದ ದೀರ್ಘವಿವಾದವನ್ನು ವಿದ್ಯಾರ್ಥಿಗಳು ಬಲ್ಲರು. ಅಲ್ಲಿ ಲಿಪಿಯ ರೂಪವಾದರೂ ಪರೀಕ್ಷೆಗೆ ದೊರೆಯುತ್ತಿದ್ದಿತು. ಇಲ್ಲಿ ಎಲ್ಲರ ಬರಹವೂ ಒಂದೇ ಅಚ್ಚು.

ಆದರೂ ಕೈಬರಹಕ್ಕೆ ಸಮನಾದ ಒಂದು ಕುರುಹು ಉಂಟು. ನಿಯತಕಾಲಕ್ಕೊಮ್ಮೆ ನುಡಿಯುವ ಘಟಕಗಳ ಗಡಿಯಾರಗಳು ಒಂದೊಂದೂ ತುಸುತುಸು ಬೇರೆಯಾಗಿ ನಡೆಯುವುದರಿಂದ, ಸಂದೇಶಗಳ ನಡುವಣ ಅಂತರದಿಂದ ನುಡಿದವರಾರೆಂದು ಊಹಿಸಬಹುದೆಂದು ಮಿಷಿಗನ್ ವಿಶ್ವವಿದ್ಯಾನಿಲಯದ ಚೋ ಮತ್ತು ಶಿನ್ 2016ರಲ್ಲಿ ತೋರಿಸಿದರು. ಇದಕ್ಕೆ ಕಾಲದ ಉಲ್ಲೇಖ ಬೇಕು. ಕ್ಯಾನ್‌ಡಂಪನ್ನು ಸುಮ್ಮನೆ ನಡೆಸಿದರೆ ತೆರೆಯ ಮೇಲೆ ಕಾಲವೇ ಕಾಣುವುದಿಲ್ಲ. ಕೇಳಿದರೆ ಮಾತ್ರ ಬರೆಯುತ್ತದೆ. ಕಡತಕ್ಕೆ ಬರೆಸಿದಾಗ ಕಾಲವೇನೋ ತಾನಾಗಿ ಸೇರುತ್ತದೆ. ಆದರೆ ಅದು ಸಾಮಾನ್ಯವಾಗಿ ಸಂದೇಶವು ಕೇಳುವ ಗಣಕಕ್ಕೆ ಮುಟ್ಟಿದ ಕಾಲ, ವಾಹನದ ಕಾಲವಲ್ಲ. ಗಣಕದ ಗಡಿಯಾರ ತಪ್ಪಿದ್ದರೆ ಇಡೀ ದಾಖಲೆಯ ತೇದಿ ತಪ್ಪುತ್ತದೆ.

ಈ ಉಪಕರಣದ ಮೇಲೆ ನಮ್ಮ ಮುಖ್ಯ ಆಕ್ಷೇಪ ಬೇರೆಯೇ ಇದೆ. ಸಂದೇಶಗಳ ಸಂದಣಿಯಲ್ಲಿ ಕೆಲವನ್ನು ಹಿಡಿಯಲಾಗದೆ ಬಿಟ್ಟರೆ, ಬಿಟ್ಟೆನೆಂದು ಇದು ತಾನಾಗಿ ಹೇಳುವುದಿಲ್ಲ. 'ಡಿ' ಎಂಬ ಅಕ್ಷರವನ್ನು ಸೇರಿಸಿ ಕೇಳಬೇಕು. ತಂತಿಯ ದೋಷಗಳನ್ನು ಸೂಚಿಸುವ ಸಂದೇಶಗಳೂ ಕೇಳಿದ ಹೊರತು ಬಾರವು. ಒಡೆದ ಕಲ್ಲಿನ ಶಾಸನವನ್ನು ಪ್ರಕಟಿಸುವ ಸಂಪಾದಕನು ಅಳಿದ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳನ್ನಾದರೂ ಇಡುತ್ತಾನೆ. ಇಲ್ಲಿ ಮೇಲಿನ ಸಾಲೂ ಕೆಳಗಿನ ಸಾಲೂ ಕೂಡಿಕೊಂಡು ನಡುವೆ ಏನೂ ಇರಲಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, ಅದೇ ಗಣಕದ ಇನ್ನೊಂದು ಉಪಕರಣದಿಂದ ನಾವೇ ಕಳುಹಿಸಿದ ಸಂದೇಶಗಳು ಸಹ ಈ ದಾಖಲೆಯಲ್ಲಿ ಸೇರುತ್ತವೆ. 'ಎಕ್ಸ್' ಎಂಬ ಅಕ್ಷರವನ್ನು ಸೇರಿಸದಿದ್ದರೆ ಬಂದುದಾವುದು, ಹೋದುದಾವುದು ಎಂಬ ಭೇದ ತಿಳಿಯದು. ಶಾಸನವನ್ನು ನಕಲು ಮಾಡಿದವನ ಟಿಪ್ಪಣಿಯೇ ಮೂಲಪಾಠದಲ್ಲಿ ನುಸುಳಿದಂತೆ!

ಉಪಕರಣದ ಕರ್ತೃಗಳನ್ನು ಪೂರ್ತಿ ದೂರುವಂತಿಲ್ಲ. ಅವರು ಇದನ್ನು ರಚಿಸಿದುದು ಪ್ರಯೋಗಶಾಲೆಯಲ್ಲಿ ತಂತಿಯ ನಾಡಿ ಹಿಡಿಯುವವರಿಗಾಗಿ. ಸಾಕ್ಷ್ಯ ಸಂಗ್ರಹಿಸುವವರಿಗಾಗಿ ಅಲ್ಲ. ಅರ್ಥವನ್ನು ಆರೋಪಿಸದೆ ಅಂಕಿಗಳನ್ನು ಇದ್ದಂತೆ ಕೊಡುವುದು ಇದರ ದೊಡ್ಡ ಗುಣ. ಯಾವ ಬೈಟು ವೇಗ, ಯಾವುದು ಬೀಗ ಎಂಬ ಕೋಶವನ್ನು ತಯಾರಕರು ಸಾಮಾನ್ಯವಾಗಿ ಗುಟ್ಟಾಗಿಡುತ್ತಾರೆ. ಓದುಗನು ಬ್ರೇಕನ್ನು ಒತ್ತಿ, ಬೀಗವನ್ನು ತಿರುಗಿಸಿ, ಯಾವ ಅಂಕಿ ಬದಲಾಯಿತೆಂದು ನೋಡಿ ಅರ್ಥಮಾಡಿಕೊಳ್ಳಬೇಕು.

ನಮ್ಮ ವಿದ್ಯಾರ್ಥಿಯೂ ಬೀಗದ ಸಂದೇಶವನ್ನು ಪತ್ತೆಹಚ್ಚಿದುದು ಹಾಗೆಯೇ. ತಮ್ಮ ಊಹೆ ಸರಿಯೇ ಎಂದು ನೋಡಲು ಅವರು ಅದನ್ನು ತಮ್ಮ ಗಣಕದಿಂದ ಒಮ್ಮೆ ಕಳುಹಿಸಿದ್ದರು. ದಾಖಲೆ ಆಗಲೂ ನಡೆಯುತ್ತಲೇ ಇದ್ದಿತು. ಗೋಷ್ಠಿಯಲ್ಲಿ ಕಾಲಗಳನ್ನು ಹೋಲಿಸಿದಾಗ ಈ ಸಂಗತಿ ಹೊರಬಿದ್ದಿತು. ಅನಂತರ 'ಡಿ', 'ಎಕ್ಸ್' ಎರಡನ್ನೂ ಸೇರಿಸಿ ಅವರು ಮೂರು ರಾತ್ರಿ ಆಲಿಸಿದರು. ಆ ಸಾಲು ಬರಲಿಲ್ಲ. ಬೀಗವೂ ತೆರೆಯಲಿಲ್ಲ. ಅವರು ಆಲಿಸಿದುದು ಚಾಲಕನ ಆಸನದ ಬಳಿಯ ಪರೀಕ್ಷಾದ್ವಾರದಲ್ಲಿ. ಅನೇಕ ಹೊಸ ವಾಹನಗಳಲ್ಲಿ ಆ ದ್ವಾರಕ್ಕೂ ಒಳತಂತಿಗೂ ನಡುವೆ ಕಾವಲುಘಟಕವೊಂದಿದ್ದು, ತಾನು ಬಿಟ್ಟುದನ್ನಷ್ಟೇ ಹೊರಕ್ಕೆ ಕೇಳಿಸುತ್ತದೆ. ಆದುದರಿಂದ ಆ ಮೌನವನ್ನು ಮೆಕ್ಯಾನಿಕರ ಪರವಾದ ಪ್ರಮಾಣವೆಂದು ಬರೆಯಲು ನಾವು ಒಪ್ಪಲಿಲ್ಲ. ವಿದ್ಯಾರ್ಥಿಯು ತಮ್ಮ ಪ್ರಬಂಧದಿಂದ ಆರೋಪದ ವಾಕ್ಯವನ್ನು ತೆಗೆದುಹಾಕಿ, ದಾಖಲೆಯನ್ನು ಯಾವ ದ್ವಾರದಲ್ಲಿ, ಯಾವ ಆಯ್ಕೆಗಳೊಡನೆ ತೆಗೆದರೆಂಬುದನ್ನು ಮೊದಲ ಪುಟದಲ್ಲಿಯೇ ನಮೂದಿಸಿದರು.