ಫಾರ್ಮ್ಯಾಟ್ ಕಿಟಕಿ ಹೇಳದೇ ಇರೋದು

ಕಾದಂಬರಿ, ಸಿನಿಮಾಗಳ ವಿಮರ್ಶೆ ಸಾಕಷ್ಟು ಬಂದಿವೆ. ಇವತ್ತು ನಾಲ್ಕೈದು ಸಾಲಿನ ಒಂದು ಬರಹದ ಬಗ್ಗೆ ಮಾತಾಡೋಣ. ಅದು ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ. ಮನೆಯ ಫೋಟೋ, ಪಹಣಿಯ ಸ್ಕ್ಯಾನು, ತೀರಿಹೋದವರ ದನಿ, ಎಲ್ಲದರ ಹಣೆಬರಹ ಬರೆಯೋದು ಅದೇ. ಆದರೂ ಅದನ್ನು ಯಾರೂ ಓದೋದಿಲ್ಲ. 'ಫೈಲ್ ಸಿಸ್ಟಮ್ ಯಾವುದು?' ಅಂತ ಕೇಳ್ತದೆ, ಎರಡು ಮೂರು ಹೆಸರು ತೋರಿಸ್ತದೆ, ನಾವು ಸ್ಟಾರ್ಟ್ ಒತ್ತಿಬಿಡ್ತೀವಿ.

ಈ ಕಿಟಕಿಗೂ ಒಬ್ಬ ಲೇಖಕ ಇದ್ದಾನೆ. ಆಗ ಮೈಕ್ರೋಸಾಫ್ಟ್‌ನಲ್ಲಿದ್ದ ಡೇವ್ ಪ್ಲಮ್ಮರ್ 1994ರ ಕೊನೆಯಲ್ಲಿ ಒಂದು ಗುರುವಾರ ಬೆಳಗ್ಗೆ ಇದನ್ನು ಬರೆದದ್ದಾಗಿ 2024ರಲ್ಲಿ ಹೇಳಿಕೊಂಡರು. ಒಳ್ಳೆಯದು ಬರೋವರೆಗೆ ತಾತ್ಕಾಲಿಕವಾಗಿ ಇರಲಿ ಅಂತ ಬರೆದದ್ದು ಮೂವತ್ತು ವರ್ಷ ನಿಂತಿತು. ಫ್ಯಾಟ್‌ಗೆ 32 ಜಿಬಿಯ ಮಿತಿ ಹಾಕಿದ್ದೂ ಅವತ್ತೇ ಅಂತ ಅವರೇ ಹೇಳಿದರು. ಬರೆದವರನ್ನು ನಾನು ದೂರೋದಿಲ್ಲ, ನಾವೆಲ್ಲ ಆಫೀಸಿನಲ್ಲಿ ಮಾಡೋದೂ ಇದನ್ನೇ. ನನ್ನ ತಕರಾರು ಬೇರೆ. ಆಯ್ಕೆಯ ಪರಿಣಾಮ ಏನು ಅನ್ನೋದನ್ನ ಈ ಕಿಟಕಿ ಒಂದೇ ಒಂದು ಸಾಲಿನಲ್ಲೂ ಹೇಳೋದಿಲ್ಲ.

ಅದರ ಪರಿಣಾಮ ನಮ್ಮೂರು ಮಾಸೂರಿನಲ್ಲಿ ಹೀಗೆ ಕೇಳಿಸ್ತದೆ: "ಮೂವತ್ತೆರಡು ಜೀಬಿ ಅಂತಾರ, ಐದು ಜೀಬಿ ಲಗ್ನದ ವಿಡಿಯೋ ಹಿಡಸವಲ್ದು. ಇದೆಂಥ ಲೆಕ್ಕೋ ತಮ್ಮಾ?" ಕಾಕಾನ ಲೆಕ್ಕ ಸರಿಯಾಗೇ ಇದೆ. ಫ್ಯಾಟ್32ರಲ್ಲಿ ಒಂದು ಫೈಲಿನ ಗಾತ್ರ 4 ಜಿಬಿ ದಾಟುವ ಹಾಗಿಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಅದನ್ನು ಕಿಟಕಿ ಮೊದಲೇ ಹೇಳಬೇಕಿತ್ತು. ಹೇಳದ ಕಾರಣ ಪೆನ್‌ಡ್ರೈವ್ ಕೆಟ್ಟಿದೆ ಅಂತ ಜನ ಎಸೀತಾರೆ.

ಇದಕ್ಕೆ ನಮ್ಮಂಥ ಸಾಫ್ಟ್‌ವೇರ್‌ನವರ ಸಿದ್ಧ ಉತ್ತರ: "ಎಕ್ಸ್‌ಫ್ಯಾಟ್ ಹಾಕು, ಎಲ್ಲಾ ಕಡೆ ನಡೀತದೆ." ಅರ್ಧ ನಿಜ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ 4 ಜಿಬಿಯ ಕಾಟ ಇಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರ ಬಹಿರಂಗ ಮಾಡಿದ ಮೇಲೆ ಲಿನಕ್ಸ್ ಕರ್ನೆಲ್‌ಗೂ ಸೇರಿತು. ಮ್ಯಾಕ್‌ನಲ್ಲೂ ಓದಬಹುದು, ಬರೆಯಬಹುದು. ಆದರೆ ಅದರಲ್ಲಿ ಜರ್ನಲ್ ಇಲ್ಲ.

ಜರ್ನಲ್ ಅಂದ್ರೆ ಕಿರಾಣಿ ಅಂಗಡಿಯ ಕಿರ್ದಿ ಪುಸ್ತಕ ಅಂದುಕೊಳ್ಳಿ. ಸಾಹುಕಾರ ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸ್ತಾನೆ. ನಡುವೆ ದೀಪ ಹೋದರೂ ಕಿರ್ದಿ ನೋಡಿ ಖಾತೆ ಸರಿಮಾಡಬಹುದು. 1993ರ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಇಎಕ್ಸ್‌ಟಿ4 ಮಾಡೋದು ಇದನ್ನೇ. ಎಕ್ಸ್‌ಫ್ಯಾಟ್ ನೇರ ಖಾತೆಗೇ ಕೈ ಹಾಕ್ತದೆ. ಬರೆಯೋ ಹೊತ್ತಿಗೆ ಕರೆಂಟ್ ಹೋದ್ರೆ ಯಾವ ಫೈಲು ಎಲ್ಲಿದೆ ಅನ್ನೋ ಪಟ್ಟಿಯೇ ಅರ್ಧಂಬರ್ಧ ಆಗಬಹುದು. ಯುಪಿಎಸ್ ಇರೋ ಬೆಂಗಳೂರಿನ ಆಫೀಸಿನಲ್ಲಿ ಕೂತು ಕೊಟ್ಟ ಸಲಹೆ, ಕರೆಂಟ್ ಹೇಳದೇ ಕೇಳದೇ ಹೋಗೋ ಊರಿಗೆ ಹೊಂದೋದಿಲ್ಲ. ಮದಗದ ಕೆರೆ ಕೆಳಗೆ ಬೆಳೆದ ನಮಗೆ ಇದು ಗೊತ್ತಿರಬೇಕು: ಎಷ್ಟು ನೀರು ಹಿಡೀತದೆ ಅನ್ನೋದರ ಜೊತೆಗೆ ಏರಿ ಗಟ್ಟಿ ಇದೆಯಾ ಅಂತಾನೂ ಕೇಳಬೇಕು.

ಹಾಗಂತ ಎನ್‌ಟಿಎಫ್‌ಎಸ್ ದೇವರಲ್ಲ. ಮ್ಯಾಕ್ ಅದನ್ನು ಓದ್ತದೆ, ತಾನಾಗಿ ಬರೆಯೋದಿಲ್ಲ. ಕೆಲವು ಟಿವಿಗಳು ಗುರುತೇ ಹಿಡಿಯೋದಿಲ್ಲ. ಅದರ ಕಿರ್ದಿ ಕಾಯೋದೂ ಪಟ್ಟಿಯನ್ನು ಮಾತ್ರ, ಅರ್ಧ ಕಾಪಿಯಾದ ವಿಡಿಯೋ ಅರ್ಧವೇ.

ಕನ್ನಡದಲ್ಲಿ ಫೈಲಿಗೆ ಹೆಸರಿಡೋರಿಗೆ ಇನ್ನೊಂದು ವಿಷಯ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ಗಳಲ್ಲಿ ಹೆಸರಿನ ಮಿತಿ 255 ಯುನಿಕೋಡ್ ಚಿಹ್ನೆ. ಇಎಕ್ಸ್‌ಟಿ4ರಲ್ಲಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು, ಒತ್ತು ಗುಣಿತಗಳಿಗೂ ಪ್ರತ್ಯೇಕ ಲೆಕ್ಕ. 'ಸ್ತ್ರೀ' ಅನ್ನೋ ಒಂದೇ ಅಕ್ಷರಕ್ಕೆ 18 ಬೈಟ್! ಅಂದ್ರೆ ಹೆಸರು 85 ಚಿಹ್ನೆಗೇ ಮುಗೀತು. ವಿಂಡೋಸ್‌ನಲ್ಲಿ ಚೆಂದಾಗಿ ಕೂತಿದ್ದ ಉದ್ದನೆಯ ಕನ್ನಡ ಹೆಸರು ಲಿನಕ್ಸ್ ಡಿಸ್ಕಿಗೆ ಹೋಗುವಾಗ 'ಹೆಸರು ಉದ್ದವಾಯ್ತು' ಅಂತ ವಾಪಸ್ ಬರೋದು ಇದಕ್ಕೇ. ಇಂಗ್ಲಿಷ್‌ನವರಿಗೆ ಈ ಕಷ್ಟ ಗೊತ್ತೇ ಆಗೋದಿಲ್ಲ, ಅವರ ಅಕ್ಷರಕ್ಕೆ ಒಂದೇ ಬೈಟ್.

ನನ್ನ ತೀರ್ಪು ಇಷ್ಟು. ಟಿವಿ, ಕ್ಯಾಮೆರಾ, ಮ್ಯಾಕ್ ನಡುವೆ ಓಡಾಡೋ ಡಿಸ್ಕಿಗೆ ಎಕ್ಸ್‌ಫ್ಯಾಟ್ ಇರಲಿ. ಊರಿನ ಮನೆಯಲ್ಲಿ ವಿಂಡೋಸ್ ಕಂಪ್ಯೂಟರಿಗೆ ಕಾಯಂ ಆಗಿ ಹಚ್ಚಿರೋ ಡಿಸ್ಕಿಗೆ ಎನ್‌ಟಿಎಫ್‌ಎಸ್, ಲಿನಕ್ಸ್ ಇದ್ದರೆ ಇಎಕ್ಸ್‌ಟಿ4. ಯಾವುದೇ ಹಾಕಿದರೂ ಎರಡನೇ ಪ್ರತಿ ಬೇರೆ ಡಿಸ್ಕಿನಲ್ಲಿ ಇರಲೇಬೇಕು. ಡಿಸ್ಕೇ ಸತ್ತರೆ ಯಾವ ಕಿರ್ದಿಯೂ ಉಳಿಸೋದಿಲ್ಲ.

ಮುಂದಿನ ಸಲ ಊರಿನಿಂದ "ಇದನ್ನೊಂದು ಫಾರ್ಮ್ಯಾಟ್ ಮಾಡಿಕೊಡೋ" ಅಂತ ಯಾರಾದರೂ ಡಿಸ್ಕ್ ಕೊಟ್ಟರೆ, ಕಿಟಕಿ ತೆರೆಯೋ ಮೊದಲು ಕೇಳಿ: ಇದು ಎಲ್ಲಿರ್ತದೆ, ಯಾವುದಕ್ಕೆ ಹಚ್ತೀರಿ, ಇದರಾಗ ಏನು ಇಡ್ತೀರಿ? ಆ ಕಿಟಕಿ ಕೇಳದೇ ಬಿಟ್ಟ ಮೂರು ಪ್ರಶ್ನೆ ಇವು.