ಬೆರಳಿಗೆ ಸಿಗದ ಬಣ್ಣ

ಜಾತ್ರೆಯಲ್ಲಿ ಅಚ್ಚಿನ ಟೀ ಶರ್ಟು ಕೈಗೆ ಬಂದರೆ ನಾನು ಮೊದಲು ಕಣ್ಣು ಮುಚ್ಚಿ ಚಿತ್ರದ ಮೇಲೆ ಬೆರಳಾಡಿಸುತ್ತೇನೆ. ಚಿತ್ರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬೆರಳಿಗೆ ಗೊತ್ತಾದರೆ ಬಣ್ಣ ಬಟ್ಟೆಯ ಮೇಲೆ ಪದರವಾಗಿ ಕೂತಿದೆ ಎಂದರ್ಥ. ಬೆರಳಿಗೆ ಬರೀ ಬಟ್ಟೆ ಸಿಕ್ಕು, ಕಣ್ಣು ತೆರೆದಾಗ ಚಿತ್ರ ಕಂಡರೆ ಅದು ಸಬ್ಲಿಮೇಶನ್. ಈ ಕಸುಬಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ಸ್ಪರ್ಶದಿಂದಲೇ.

ಹೋದ ವಾರ ಹುಮನಾಬಾದಿನ ಹುಡುಗನೊಬ್ಬ ಬಂದಿದ್ದ. “ಕಾಕಾ, ಬಸವಕಲ್ಯಾಣದಾಗ ಮಗ್ಗು, ಟೀ ಶರ್ಟಿನ ಅಂಗಡಿ ಹಾಕಬೇಕಂತ ಮಾಡೀನಿ. ಯಾವ ಪ್ರಿಂಟರ್ ತೊಗೊಳ್ಳಲಿ?” ಎಂದ. “ಪ್ರಿಂಟರ್ ಆಮ್ಯಾಲ ನೋಡೋಣಪ್ಪ, ಮೊದಲು ಪ್ರೆಸ್ ನೋಡು” ಎಂದೆ. ಹೊಸಬರೆಲ್ಲ ಕೈಯಲ್ಲಿದ್ದ ಹಣವನ್ನು ಪ್ರಿಂಟರಿಗೆ ಸುರಿದು, ಉಳಿದದ್ದರಲ್ಲಿ ಸಿಕ್ಕ ಹೀಟ್ ಪ್ರೆಸ್ ತರುತ್ತಾರೆ. ಕಾಗದದ ಮೇಲೆ ಚಿತ್ರ ಬಿಡಿಸುವುದಷ್ಟೇ ಪ್ರಿಂಟರಿನ ಕೆಲಸ. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಒತ್ತಿದಾಗ ಬಣ್ಣವನ್ನು ಬಟ್ಟೆಯೊಳಗೆ ಇಳಿಸುವುದು ಪ್ರೆಸ್ಸಿನ ಬಿಸಿ.

ಅದು ಹೇಗೆಂದು ತಿಳಿಯಲು ದೇವರ ಮುಂದಿನ ಕರ್ಪೂರ ಸಾಕು. ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಕರ್ಪೂರ ನೀರಾಗದೆ ಹಾಗೆಯೇ ಗಾಳಿಯಾಗಿ ಹೋಗುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನು ಉತ್ಪತನ ಎಂದು ಓದಿದ್ದೇವೆ, ಇಂಗ್ಲಿಷಿನಲ್ಲಿ ಇದೇ ಸಬ್ಲಿಮೇಶನ್. ಕೆಲವು ಬಣ್ಣಗಳಿಗೂ ಈ ಗುಣವಿದೆ ಎಂಬುದನ್ನು ಹಿಡಿದು ಬಟ್ಟೆಗೆ ಅಚ್ಚು ಹಾಕುವ ದಾರಿಯನ್ನು 1957ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ದ ಪ್ಲಾಸ್. ಸುಮಾರು 200 ಡಿಗ್ರಿ ಬಿಸಿಯಲ್ಲಿ ಕಾಗದದ ಬಣ್ಣ ಆವಿಯಾಗುತ್ತದೆ, ಅದೇ ಬಿಸಿಗೆ ಪಾಲಿಯೆಸ್ಟರ್ ಎಳೆ ಸಡಿಲಗೊಂಡು ಆ ಆವಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆರಿದ ಮೇಲೆ ಎಳೆ ಬಿಗಿದು ಬಣ್ಣ ಒಳಗೇ ಉಳಿಯುತ್ತದೆ. ಹತ್ತಿಗೆ ಈ ಗುಣವಿಲ್ಲ. ನಮ್ಮ 65ನೇ ಹೆದ್ದಾರಿಯಲ್ಲೇ ಪಡುವಣಕ್ಕೆ ಹೋದರೆ ಸಿಗುವ ಸೊಲ್ಲಾಪುರದ ಹತ್ತಿ ಚಾದರ ಎಷ್ಟು ಚೆಂದವಿದ್ದರೂ ಈ ಕೆಲಸಕ್ಕೆ ಒಗ್ಗದು. ಈ ಶಾಯಿಯಲ್ಲಿ ಬಿಳಿ ಬಣ್ಣವೂ ಇಲ್ಲ. ಆದ್ದರಿಂದ ಬಟ್ಟೆ ಪಾಲಿಯೆಸ್ಟರ್ ಆಗಿರಬೇಕು, ಬಿಳಿ ಅಥವಾ ತಿಳಿಬಣ್ಣದ್ದಾಗಿರಬೇಕು. ಮಗ್ಗಿಗೆ ಪಾಲಿಮರ್ ಲೇಪನ ಇರಬೇಕು. ಅಡುಗೆಮನೆಯ ಸಾದಾ ಪಿಂಗಾಣಿ ಕಪ್ಪಿನ ಮೇಲೆ ಬಣ್ಣ ನಿಲ್ಲದು.

ಪ್ರೆಸ್ಸಿಗೆ ಬರೋಣ. ಟೀ ಶರ್ಟಿಗೆ 15 ಇಂಚು ಉದ್ದ, 15 ಇಂಚು ಅಗಲದ ಹಲಗೆ ಸಾಕು. ಅಂಗಡಿಗೆ ಹೋದಾಗ ಪ್ರೆಸ್ ಕಾಯಿಸಲು ಹೇಳಿ, ಶಾಖ ಅಳೆಯುವ ಗನ್ ಹಿಡಿದು ನಡುವೆಯೂ ನಾಲ್ಕು ಮೂಲೆಯಲ್ಲೂ ನೋಡಿ. ಪರದೆಯಲ್ಲಿ 200 ಎಂದು ತೋರಿಸಿ ಮೂಲೆಯಲ್ಲಿ 180 ಇದ್ದರೆ ಚಿತ್ರದ ಅಂಚು ಮಾಸಲಾಗಿಯೇ ಬರುತ್ತದೆ. ಟೀ ಶರ್ಟಿಗೆ 190ರಿಂದ 200 ಡಿಗ್ರಿ, 45ರಿಂದ 60 ಸೆಕೆಂಡು. ಮಗ್ಗಿಗೆ ಬೇರೆಯೇ ಪ್ರೆಸ್ ಬೇಕು, ಅದಕ್ಕೆ ಎರಡೂವರೆ ಮೂರು ನಿಮಿಷ ಹಿಡಿಯುತ್ತದೆ. ಟೀ ಶರ್ಟಿನ ಪ್ರೆಸ್ 1,500 ವ್ಯಾಟ್ ಆಸುಪಾಸು ಕರೆಂಟು ಎಳೆಯುತ್ತದೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು. 16 ಆಂಪಿಯರಿನ ಪವರ್ ಪ್ಲಗ್, ಸರಿಯಾದ ಅರ್ಥಿಂಗ್ ಮೊದಲು ಮಾಡಿಸಿ. ಮನೆಯ ಇನ್ವರ್ಟರ್ ಮೇಲೆ ಪ್ರೆಸ್ ಓಡಿಸಬೇಡಿ. ಯುಪಿಎಸ್ ಇರಲಿ ಪ್ರಿಂಟರಿಗೆ, ಕಂಪ್ಯೂಟರಿಗೆ.

ಪ್ರಿಂಟರ್ ಆರಿಸುವಾಗ ಒಂದೇ ಕಟ್ಟಳೆ. ಶಾಯಿಯನ್ನು ಕಾಯಿಸಿ ಚಿಮ್ಮಿಸುವ ಹೆಡ್ ಬೇಡ, ಒತ್ತಡದಿಂದ ಚಿಮ್ಮಿಸುವ ಪೀಜೋ ಹೆಡ್ ಬೇಕು. ಎಪ್ಸನ್ ಟ್ಯಾಂಕ್ ಪ್ರಿಂಟರುಗಳು ಈ ಕಸುಬಿಗೆ ಬಂದದ್ದು ಇದೇ ಕಾರಣಕ್ಕೆ. ಒಮ್ಮೆಯೂ ಬೇರೆ ಶಾಯಿ ಹಾಕದ ಹೊಸ ಯಂತ್ರಕ್ಕೆ ಸಬ್ಲಿಮೇಶನ್ ಶಾಯಿ ತುಂಬಿ, ಕೊನೆಯವರೆಗೂ ಅದನ್ನೇ ಬಳಸಿ. ಹೀಗೆ ಮಾಡಿದ ಮೇಲೆ ಕಂಪನಿಯ ವಾರಂಟಿ ನೆಚ್ಚಿಕೊಳ್ಳುವಂತಿಲ್ಲ. ಬಂಡವಾಳ ಇದ್ದವರಿಗೆ ಎಪ್ಸನ್ನಿನ ಶ್ಯೂರ್‌ಕಲರ್ ಎಫ್ ಸರಣಿಯಲ್ಲಿ ಇದಕ್ಕೆಂದೇ ಮಾಡಿದ ಯಂತ್ರಗಳಿವೆ. ನಮ್ಮ ಕಡೆಯ ಬೇಸಿಗೆ ಒಣ ಬೇಸಿಗೆ. ನಾಲ್ಕು ದಿನ ಅಂಗಡಿ ಮುಚ್ಚಿದರೂ ನಳಿಕೆಯಲ್ಲಿ ಶಾಯಿ ಒಣಗುತ್ತದೆ. ಕೆಲಸ ಇರಲಿ ಬಿಡಲಿ, ದಿನಕ್ಕೊಂದು ಬಣ್ಣದ ಹಾಳೆ ಹೊರಬರಲಿ.

ಮಳೆಗಾಲದ ಕಷ್ಟ ಬೇರೆ. ಒಂದು ಆಷಾಢದಲ್ಲಿ ಶಾಲೆಯೊಂದರ ಆಟದ ಅಂಗಿ ಒತ್ತುತ್ತಿದ್ದೆ. ಚಿತ್ರದ ನಡುವೆ ಮೋಡ ಕವಿದಂತೆ ಮಸುಕು ಎದ್ದಿತು. ಶಾಯಿ ಬದಲಿಸಿದೆ, ಬಿಸಿ ಏರಿಸಿದೆ, ಆದರೂ ಹೋಗಲಿಲ್ಲ. ಬಟ್ಟೆ ಮತ್ತು ಕಾಗದ ಗಾಳಿಯ ತೇವ ಕುಡಿದಿದ್ದವು. ಅಂದಿನಿಂದ ಖಾಲಿ ಅಂಗಿಯನ್ನು ಐದಾರು ಸೆಕೆಂಡು ಒತ್ತಿ ತೇವ ಹಾರಿಸಿದ ಮೇಲೆಯೇ ಚಿತ್ರ ಇಡುತ್ತೇನೆ, ಕಾಗದವನ್ನು ಕಟ್ಟಿನಲ್ಲೇ ಮುಚ್ಚಿಡುತ್ತೇನೆ. ಕಾಗದ ಕದಲದಂತೆ ಶಾಖ ತಡೆಯುವ ಟೇಪು, ಹೆಚ್ಚಿನ ಬಣ್ಣ ಪ್ರೆಸ್ಸಿಗೆ ತಾಗದಂತೆ ತಡೆಯಲು ಬಟರ್ ಪೇಪರ್, ನೂಲಿನ ಧೂಳು ತೆಗೆಯುವ ಅಂಟು ರೋಲರ್, ದಪ್ಪ ಕೈಗವಸು, ಆವಿ ಹೊರಹೋಗಲು ಒಂದು ಫ್ಯಾನು. ಇವೂ ಸಲಕರಣೆಗಳೇ.

ಕಂಪ್ಯೂಟರಿನಲ್ಲಿ ಕನ್ನಡಕ್ಕೆ ವಿಶೇಷ ಕಾಳಜಿ ಬೇಕು. ಮಗ್ಗಿನ ಮೇಲೆ ವಚನ ಬೇಕೆಂದು ಕೇಳುವ ಊರು ಬಸವಕಲ್ಯಾಣ. ಹಳೆಯ ಡಿಸೈನ್ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಬೇಕಾದ್ದರಿಂದ ಆಮೇಲೆ ತಪ್ಪು ಕಾಣದು. ತಿರುಗಿಸುವ ಮೊದಲೇ ಗಟ್ಟಿಯಾಗಿ ಒಮ್ಮೆ ಓದಿ. ಕಾಗದದಲ್ಲಿ ಬಣ್ಣ ಮಂಕಾಗಿ ಕಂಡರೆ ಗಾಬರಿ ಬೇಡ, ಬಿಸಿ ತಾಗಿದ ಮೇಲೆ ಅರಳುತ್ತದೆ.

ಇದೇ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆರಿಸಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಹೇಳಿ ಕಳಿಸಿದಳು ಎಂಬ ಕಥೆ ನಮಗೆಲ್ಲ ಗೊತ್ತು. ಹೊಸ ಅಂಗಡಿಯವನಿಗೆ ಇದಕ್ಕಿಂತ ಒಳ್ಳೆಯ ಲೆಕ್ಕಪತ್ರ ನಾನು ಕಂಡಿಲ್ಲ. ಟೋಪಿ, ತಟ್ಟೆ, ಮಗ್ಗು ಎಲ್ಲವನ್ನೂ ಒತ್ತುತ್ತೇನೆ ಎನ್ನುವ ಐದು ಕೆಲಸದ ಒಂದು ಯಂತ್ರ ಬೇಡ. ಒಂದು ಒಳ್ಳೆಯ ಚಪ್ಪಟೆ ಪ್ರೆಸ್, ಒಂದು ಮಗ್ಗು ಪ್ರೆಸ್, ಎ4 ಅಳತೆಯ ಪ್ರಿಂಟರ್, ಇಷ್ಟರಲ್ಲಿ ಶುರು ಮಾಡಿ. ಅಂಗಿ, ಮಗ್ಗು ಮುಗಿದಂತೆ ಹೆದ್ದಾರಿ ಹಿಡಿದು ಹೈದರಾಬಾದಿಗೆ ಹೋಗಿ ತರಬಹುದು, ಗೋದಾಮು ತುಂಬಿಸುವ ತುರ್ತಿಲ್ಲ.

ಆ ಹುಡುಗನಿಗೆ ಕೊನೆಯಲ್ಲಿ ಒಂದು ಕೆಲಸ ಒಪ್ಪಿಸಿದ್ದೇನೆ. ಮೊದಲು ಒತ್ತಿದ ಅಂಗಿಯನ್ನು ಮಾರಬೇಡ. ವಾರಕ್ಕೊಮ್ಮೆ ಒಗೆದು, ಇಪ್ಪತ್ತು ಒಗೆತ ಆದ ಮೇಲೆ ಅಂಗಡಿ ಬಾಗಿಲಿಗೆ ತೂಗುಹಾಕು. ಬಂದವರು ಮುಟ್ಟಿ ನೋಡಲಿ.